ಮೊಲದ ಬಾಣಂತನ

ಬೆಳಿಗ್ಗೆ ಹಳೆಯ ದಿಂಬು ಬಿಚ್ಚಿ ಹೊಲಿಯಲು ಕೂತಿದ್ದೆ. ಬೂರುಗದ ಹತ್ತಿ ಮೂಗಿಗೆ ಹೋಗಿ ಏಳೆಂಟು ಸೀನು ಬಂತು. ಕಣ್ಣೊರೆಸಿಕೊಂಡು ನೋಡಿದರೆ ಮಡಿಲ ತುಂಬ ಬೆಳ್ಳಗೆ ಹತ್ತಿ. ದಿಂಬು ಮರೆತು ಕಾರ್ಗಲ್ಲಿನ ಮೊಲಗಳು ನೆನಪಾದವು. ವಯಸ್ಸಾದವರಿಗೆ ಕೆಲಸ ತಪ್ಪಿಸಿಕೊಳ್ಳಲು ಇಷ್ಟು ನೆಪ ಸಾಕು. ಬನ್ನಿ, ನೀವೂ ಕೂತುಕೊಳ್ಳಿ.

ಅರವತ್ತರ ದಶಕದ ಮಾತು. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು. ನಮ್ಮ ಯಜಮಾನರು ಅಲ್ಲಿಯ ವರ್ಕ್‌ಶಾಪಿನಲ್ಲಿದ್ದರು. ಕಾರ್ಗಲ್ಲಿನ ಕಾಲೊನಿಯಲ್ಲಿ ಎಲ್ಲ ಮನೆಗಳೂ ಒಂದೇ ಥರ. ಮೊದಲ ವಾರವೇ ನಾನು ಎರಡು ಸಲ ಬೇರೆಯವರ ಅಡಿಗೆಮನೆಗೆ ನುಗ್ಗಿದ್ದೆ. ಬೇಸರದಿಂದ ನಾನು ಮುಖ ಊದಿಸಿಕೊಂಡಿರುವುದನ್ನು ನೋಡಿ ಅವರು ಸಾಗರದ ಸಂತೆಯಿಂದ ಒಂದು ಜೊತೆ ಬಿಳಿ ಮೊಲ ತಂದರು. ಯಂತ್ರದ ಸಾಮಾನು ಬಂದಿದ್ದ ಮರದ ಪೆಟ್ಟಿಗೆಗಳಿಂದ ಹಿತ್ತಲಲ್ಲಿ ಗಂಡಿಗೊಂದು, ಹೆಣ್ಣಿಗೊಂದು ಮನೆ ಎದ್ದಿತು.

ಮದುವೆ ನಡೆಯುವುದು ಹೆಣ್ಣಿನ ಮನೆಯಲ್ಲಿ ತಾನೆ? ಹಾಗಾಗಿ ಗಂಡನ್ನು ಎತ್ತಿಕೊಂಡು ಹೋಗಿ ಹೆಣ್ಣಿನ ಪೆಟ್ಟಿಗೆಯಲ್ಲಿ ಬಿಟ್ಟೆವು. ನಾನು ಎರಡಕ್ಕೂ ಕುಂಕುಮ ಇಟ್ಟಿದ್ದೆ, ನಗಬೇಡಿ. ಹೆಣ್ಣು ಹಿಂಗಾಲು ನೆಲಕ್ಕೆ ಬಡಿದು, ಮೇಲೆರಗಿ, ಮದುಮಗನ ಕಿವಿ ಕಚ್ಚಿತು. ಮೂರು ದಿನ ಇದೇ ಉಪಚಾರ. ನಾಲ್ಕನೆಯ ದಿನ ಹೆಣ್ಣಿನ ಪೆಟ್ಟಿಗೆ ತೊಳೆಯಬೇಕೆಂದು ಅದನ್ನು ಗಂಡಿನ ಪೆಟ್ಟಿಗೆಗೆ ಹಾಕಿದ್ದೇ ತಡ, ಕಣ್ಣು ಮಿಟುಕಿಸುವುದರಲ್ಲಿ ಎಲ್ಲ ಮುಗಿಯಿತು. ತನ್ನ ಮನೆಗೆ ಬಂದ ಗಂಡನ್ನು ಹೆಣ್ಣು ಮೊಲ ಸೇರಿಸುವುದಿಲ್ಲ, ತಾನೇ ಅವನ ಮನೆಗೆ ಹೋಗಬೇಕು ಎಂಬುದು ನಮಗೆ ಹೇಗೆ ಗೊತ್ತಿರಬೇಕು? ಮರುಗಳಿಗೆ ಗಂಡು ಕಿರ್ರೆಂದು ಪಕ್ಕಕ್ಕೆ ಉರುಳಿತು. ಯಜಮಾನರ ಮುಖ ಬಿಳಿಚಿತು. “ಸತ್ತೇ ಹೋಯ್ತಲ್ಲೆ ಮಾರಾಯ್ತಿ” ಎಂದು ನೀರು ಚಿಮುಕಿಸಿದರು. ಅದು ಎದ್ದು, ಮೈ ಕೊಡವಿ, ಮತ್ತೆ ಹೆಣ್ಣಿನ ಕಡೆಗೇ ಹೊರಟಿತು. ಆ ಜಾತಿಯ ಪದ್ಧತಿಯೇ ಹಾಗಂತೆ.

ತಿಂಗಳಾಗುವಷ್ಟರಲ್ಲಿ ಹೆಣ್ಣು ಬಾಯಿತುಂಬ ಹುಲ್ಲು ಕಚ್ಚಿಕೊಂಡು ಓಡಾಡತೊಡಗಿತು. ಆಮೇಲೆ ತನ್ನ ಎದೆಯ ಕೂದಲನ್ನೇ ಕಿತ್ತು ಹಾಸಿತು. ಕಜ್ಜಿಯೆಂದು ನಾನು ಬೇವಿನೆಣ್ಣೆ ಹಿಡಿದು ಹೋದರೆ, ಆ ಕೂದಲ ರಾಶಿಯೊಳಗೆ ಬೆರಳುದ್ದದ ಐದು ಮರಿಗಳು ಮಿಸುಕಾಡುತ್ತಿದ್ದವು.

ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ತಾಯಿ ಮರಿಗಳ ಹತ್ತಿರ ಸುಳಿಯದೆ ಮೂಲೆಯಲ್ಲಿ ಕೂತು ಹುಲ್ಲು ಮೇಯುತ್ತಿತ್ತು. ಮರುದಿನವೂ ಅಷ್ಟೆ. ಮರಿಗಳು ಉಪವಾಸ ಸಾಯುತ್ತವೆಂದು ನನಗೆ ಅಳುವೇ ಬಂತು.

ಹಿಂದಿನ ಸಾಲಿನಲ್ಲಿ ಸಾವಿತ್ರಮ್ಮ ಎಂಬ ನರ್ಸ್ ಇದ್ದರು, ತೀರ್ಥಹಳ್ಳಿ ಕಡೆಯವರು. ಐದು ತಿಂಗಳ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಆಸ್ಪತ್ರೆಗೆ ಹೋಗುತ್ತಿದ್ದರು. ನಲ್ಲಿಯ ಹತ್ತಿರ ಕೊಡ ತುಂಬಿಸುವ ನಮಗೆಲ್ಲ ಅದೇ ಮಾತು. ಆ ದಿನ ನಾನೇ ಹೇಳಿದೆ, ನಮ್ಮ ಮೊಲವೂ ಸಾವಿತ್ರಮ್ಮನೂ ಒಂದೇ, ಹೆರುವುದಷ್ಟೇ ಗೊತ್ತು ಎಂದು. ಎಲ್ಲರೂ ನಕ್ಕರು. ನನಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಮನೆಗೆ ಬಂದು ಹತ್ತಿಯ ಬತ್ತಿಯನ್ನು ಹಸುವಿನ ಹಾಲಿನಲ್ಲಿ ಅದ್ದಿ ಒಂದು ಮರಿಯ ಬಾಯಿಗೆ ಹಿಂಡಿದೆ. ಹಾಲು ಮೂಗಿನಿಂದ ಬಂತು. ಬೆಳಗಾಗುವಷ್ಟರಲ್ಲಿ ಮರಿ ತಣ್ಣಗಾಗಿತ್ತು. ನನಗಿನ್ನೂ ಬುದ್ಧಿ ಬಂದಿರಲಿಲ್ಲ. ಎರಡನೆಯದನ್ನು ಕೈಗೆತ್ತಿಕೊಂಡಿದ್ದೆ, ಡ್ಯೂಟಿಗೆ ಹೊರಟಿದ್ದ ಸಾವಿತ್ರಮ್ಮ ಬೇಲಿ ದಾಟಿ ಬಂದು ನನ್ನ ಕೈ ಹಿಡಿದರು.

“ಬತ್ತಿ ಬಿಡಿ. ಮೊದ್ಲು ಹೊಟ್ಟೆ ನೋಡಿ.”

ನೋಡಿದೆ. ಮರಿಯ ಹೊಟ್ಟೆ ಗುಂಡಗಿತ್ತು. ತೆಳ್ಳನೆಯ ಚರ್ಮದೊಳಗೆ ಹಾಲು ಬೆಳ್ಳಗೆ ಕಾಣುತ್ತಿತ್ತು.

“ನಸುಕಿಗೆ ಒಲೆ ಹಚ್ಚೋವಾಗ ನಮ್ಮ ಕಿಟಕಿಂದ ಕಾಣ್ತದೆ” ಎಂದರು. “ತಾಯಿ ಐದು ನಿಮಿಷ ಮರಿ ಮೇಲೆ ನಿಂತು ಹಾಲು ಕೊಟ್ಟು ಬರ್ತದೆ. ದಿನಕ್ಕೆ ಒಂದೇ ಸಲ. ಅಷ್ಟು ಸಾಕು ಅವಕ್ಕೆ.”

ನಾಲ್ಕು ಮರಿಗಳೂ ಬದುಕಿದವು. ಆಮೇಲೆ ಅವು ಬೆಳೆದು, ಎಷ್ಟು ಎಚ್ಚರವಾಗಿದ್ದರೂ ಪೆಟ್ಟಿಗೆ ಸಾಲದಷ್ಟು ಮರಿ ಹಾಕಿ, ಬ್ಯಾಕೋಡಿನ ನೆಂಟರವರೆಗೂ ಹಂಚಿಹೋದವು. ಮಳೆಗಾಲದಲ್ಲಿ ಸಾವಿತ್ರಮ್ಮನ ಅತ್ತೆ ಊರಿಗೆ ಹೋದರು. ಅಂದಿನಿಂದ ಒಂದು ವರ್ಷ ಆ ಕೂಸು ದಿನವಿಡೀ ನನ್ನ ಮನೆಯಲ್ಲೇ ಬೆಳೆಯಿತು. ನಾನು ಆಡಿದ ಮಾತನ್ನು ಮಾತ್ರ ಅವರಿಗೆ ಹೇಳಲು ಬಾಯಿ ಬರಲಿಲ್ಲ.

ಇಷ್ಟು ಬರೆದವಳು ಎದ್ದುಹೋಗಿ ತೀರ್ಥಹಳ್ಳಿಗೆ ಫೋನ್ ಮಾಡಿದೆ. ಸಾವಿತ್ರಮ್ಮನಿಗೆ ಈಗ ಕಿವಿ ಸ್ವಲ್ಪ ಮಂದ. ಮೊಲದ ಕಥೆಯನ್ನೆಲ್ಲ ಗಟ್ಟಿಯಾಗಿ ಹೇಳಿ, ನಲ್ಲಿಯ ಹತ್ತಿರ ಹೀಗೆ ಅಂದಿದ್ದೆ, ತಪ್ಪಾಯಿತು ಎಂದೆ. ಆ ಕಡೆಯಿಂದ ನಗು ಕೇಳಿಸಿತು.

“ಗೊತ್ತಿತ್ತು ಕಣ್ರೀ. ನಲ್ಲಿ ಇದ್ದದ್ದೇ ನಮ್ಮ ಅಡಿಗೆಮನೆ ಕಿಟಕಿ ಕೆಳಗಲ್ವಾ.”

ಫೋನ್ ಇಟ್ಟು ಬಂದು ಮತ್ತೆ ಹತ್ತಿಯ ಮುಂದೆ ಕೂತೆ. ಎಲ್ಲ ಕೇಳಿಸಿಕೊಂಡಿದ್ದೂ, ಅವರು ಆ ಕೂಸನ್ನು ನನ್ನ ಕೈಗೆ ಕೊಟ್ಟು ಹೋಗಿದ್ದರು.