ಬಜ್ಪೆಗೆ ಬಿಡುತ್ತಿದ್ದ ಡ್ರೈವರಣ್ಣ

ಕಳೆದ ತಿಂಗಳು ಬ್ರಹ್ಮಾವರದಲ್ಲಿ ನನ್ನ ಕಾರಿನ ಸೀಟಿಗೆ ಹೊಸ ಕವರು ಹಾಕಿಸಲು ಹೋಗಿದ್ದೆ. ಅಂಗಡಿಯ ಹೊರಗೆ ಹಳೆಯ ಅಂಬಾಸಿಡರ್ ಕಾರೊಂದರ ಹಿಂದಿನ ಸೀಟನ್ನು ಬಿಚ್ಚಿ ಬಿಸಿಲಿಗೆ ಇಟ್ಟಿದ್ದರು. ಕಂದು ರೆಕ್ಸಿನ್ ಹರಿದು ಒಳಗಿನ ತೆಂಗಿನ ನಾರು ಹೊರಗೆ ಬಂದಿತ್ತು. ಬಿಸಿಯಾದ ರೆಕ್ಸಿನ್, ನಾರು, ಡೀಸೆಲ್ ಮೂರೂ ಬೆರೆತ ವಾಸನೆ. ಅಂಥದ್ದೇ ಒಂದು ಸೀಟಿನ ಮೇಲೆ, ಪಾಸ್‌ಪೋರ್ಟನ್ನು ಎದೆಗೆ ಒತ್ತಿ ಹಿಡಿದು, ನಾನು ಎರಡು ಸಲ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಎರಡೂ ಸಲ ಕಾರು ಬಿಟ್ಟವರು ಡ್ರೈವರಣ್ಣ.

ಕುಂದಾಪುರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ. ಮನೆ ತಲ್ಲೂರಿನಲ್ಲಿ, ಒಬ್ಬರೇ. ವಯಸ್ಸು ಐವತ್ತರ ಹತ್ತಿರ. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಮದುವೆ ದಿಬ್ಬಣಕ್ಕೆ ಕರೆದರೆ ಬರುತ್ತಿರಲಿಲ್ಲ, ತೀರ್ಥಯಾತ್ರೆಗೆ ಕರೆದರೂ ಇಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವವರನ್ನು ಮಾತ್ರ ಬಿಡುತ್ತಿದ್ದರು, ಬರುವವರನ್ನು ಕರೆತರುತ್ತಿದ್ದರು. ಅದೇಕೆ ಹಾಗೆಂದು ಆಗ ಯಾರೂ ಕೇಳಿದ್ದು ನನಗೆ ನೆನಪಿಲ್ಲ...

ನಾನು ಬೈಂದೂರಿನವಳು. ಕುಂದಾಪುರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದೆ. ಅಮ್ಮ ತೀರಿಕೊಂಡ ಮರುವರ್ಷ, ತೊಂಬತ್ತೊಂಬತ್ತರಲ್ಲಿ, ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಬಜ್ಪೆಯಿಂದ ಮುಂಬಯಿ, ಅಲ್ಲಿಂದ ಮಸ್ಕತ್. ಟಿಕೆಟ್ಟು ಕೈಗೆ ಬಂದ ದಿನದಿಂದ ನನಗೆ ಅನ್ನ ಸೇರದಾಯಿತು. ಹೋಗುವ ಊರಿನ ಹೆದರಿಕೆಯಲ್ಲ, ವಿಮಾನದ ಹೆದರಿಕೆ. ನೆಲ ಬಿಟ್ಟು ಮೇಲೆ ಹೋದ ಮೇಲೆ ಏನಾದರೂ ಆದರೆ ಹಿಡಿದುಕೊಳ್ಳಲು ಏನಿದೆ ಎಂಬ ಒಂದೇ ಯೋಚನೆ. ಅಣ್ಣನಿಗೆ ಹೇಳಿದರೆ ನಕ್ಕುಬಿಟ್ಟ. ಅಮ್ಮನಿದ್ದಿದ್ದರೆ ನಗುತ್ತಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅಣ್ಣ ನನ್ನ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟ. "ನಂಗೆ ಅಂಗಡಿ ಬಾಗ್ಲ್ ತೆಗೂಕಿತ್ತ್. ಡ್ರೈವರಣ್ಣ ಬಿಡ್ತ್ರ್, ಹೋಯಿ ಬಾ," ಎಂದ. ನನ್ನ ಮುಖವನ್ನು ಸರಿಯಾಗಿ ನೋಡಿದನೋ ಇಲ್ಲವೋ. ಹಿಂದಿನ ಸೀಟಿನಲ್ಲಿ ಒಬ್ಬಳೇ ಕುಳಿತೆ. ಮರವಂತೆಯಲ್ಲಿ ಕಡಲು ಬಂತು, ಹೋಯಿತು. ಕನ್ನಡಿಯಲ್ಲಿ ಡ್ರೈವರಣ್ಣ ನಾನು ಪಾಸ್‌ಪೋರ್ಟನ್ನು ಎದೆಗೆ ಒತ್ತಿ ಹಿಡಿದದ್ದನ್ನು ನೋಡಿರಬೇಕು.

"ತಂಗಿ, ನೀನ್ ನರ್ಸ್ ಅಲ್ದಾ?" ಎಂದು ಕೇಳಿದರು.

ಹೌದೆಂದೆ.

"ರೋಡಂಗೆ ಪೆಟ್ಟಾದವ್ರ್ ವಾರಕ್ಕೆ ಎಷ್ಟ್ ಜನ ಬತ್ರ್ ನಿಮ್ಮಲ್ಲಿಗೆ?"

ಲೆಕ್ಕ ಇಟ್ಟಿಲ್ಲ, ಬರದ ವಾರವಿಲ್ಲ ಎಂದೆ. ಹಾಗೆ ಬಂದವರ ತಲೆಗೆ ಹೊಲಿಗೆ ಹಾಕುವಾಗ ಡಾಕ್ಟರ ಪಕ್ಕದಲ್ಲಿ ನಿಂತು, ಕೈತೊಳೆದು, ಸಂಜೆ ಅದೇ ರಸ್ತೆಯಲ್ಲಿ ಕಿಕ್ಕಿರಿದ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ಮನೆಗೆ ಹೋದವಳು ನಾನು. ಒಂದು ದಿನವೂ ಹೆದರಿದ್ದಿಲ್ಲ.

"ಆಕಾಶದಿಂದ ಎಷ್ಟ್ ಜನ ಬಂದೀರ್?"

ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ನಕ್ಕೆ. ಅವರು ನಗಲಿಲ್ಲ. ಬೆಳಗ್ಗಿನ ಹೊತ್ತಿನ ಮೀನಿನ ಲಾರಿಯೊಂದು ಹಾರ್ನ್ ಹಾಕುತ್ತ ಹಿಂದಿನಿಂದ ನುಗ್ಗಿತು. ಕಾರನ್ನು ಬದಿಗೆ ತೆಗೆದು ಅದಕ್ಕೆ ದಾರಿ ಬಿಟ್ಟುಕೊಟ್ಟರು.

ನಗು ಬಜ್ಪೆಯವರೆಗೆ ಉಳಿಯಲಿಲ್ಲ. ಗುಡ್ಡದ ಮೇಲಿನ ಆ ಸಣ್ಣ ನಿಲ್ದಾಣದ ಎದುರು ಕಾರು ನಿಂತಾಗ ನನ್ನ ಕಾಲು ಕೆಳಗೆ ಇಳಿಯಲೇ ಇಲ್ಲ. ಅವರು ಪೆಟ್ಟಿಗೆ ತೆಗೆದಿಟ್ಟು ಬಾಗಿಲು ಹಿಡಿದು ನಿಂತರು. ನಾನು ಅಳತೊಡಗಿದೆ. ಒಳಗೆ ಹೋಗುವವರೆಲ್ಲ ಹೋದರು, ಬಿಡಲು ಬಂದವರು ಕೈಬೀಸಿ ಮರಳಿದರು. ಕೊನೆಗೆ ಎಂಜಿನಿನ ದೊಡ್ಡ ಸದ್ದೊಂದು ಎದ್ದು, ದೂರವಾಗಿ, ಅಡಗಿತು. ನಾನು ಹೋಗಬೇಕಾಗಿದ್ದ ವಿಮಾನ ಹೋಗಿತ್ತು.

ಅವರು ಬಯ್ಯಲಿಲ್ಲ. ಪೆಟ್ಟಿಗೆಯನ್ನು ಮತ್ತೆ ಡಿಕ್ಕಿಗೆ ಹಾಕಿ, "ಹೋಪ," ಎಂದರು, ಅಷ್ಟೆ.

ಬರುವಾಗ ಬ್ರಹ್ಮಾವರದ ಹೋಟೆಲೊಂದರ ಎದುರು ನಿಲ್ಲಿಸಿದರು. ಎರಡು ಚಾ ಹೇಳಿ, ಬೆಂಚಿನ ಆ ತುದಿಯಲ್ಲಿ ಕುಳಿತು, ತಮ್ಮ ಹೆಂಡತಿಯ ವಿಷಯ ಹೇಳಿದರು. ಯಾರೂ ಕೇಳದೇ ಹೇಳಿದ್ದು.

ಆರು ವರ್ಷದ ಹಿಂದಿನ ಮಾತು. ಹೆಂಡತಿಗೆ ಹೃದಯದ ತೊಂದರೆ. ಆಪರೇಷನ್ ಮುಂಬಯಿಯಲ್ಲಿ ಎಂದಾಯಿತು. ಅಲ್ಲಿ ಹೋಟೆಲ್ ನಡೆಸುತ್ತಿದ್ದ ಅವಳ ತಮ್ಮ ಇಬ್ಬರಿಗೂ ವಿಮಾನದ ಟಿಕೆಟ್ ಕಳಿಸಿದ. ಡಾಕ್ಟರೂ ಅದೇ ಒಳ್ಳೆಯದೆಂದರು. ಅವಳಿಗಂತೂ ಸಂಭ್ರಮ. ಯಾವ ಸೀರೆ ಉಡುವುದೆಂದು ಆಚೆಮನೆಯವರನ್ನು ಕೇಳಿ ಬಂದಿದ್ದಳಂತೆ. ಇವರು ಮಾತ್ರ ಒಪ್ಪಲಿಲ್ಲ. ಗುರುತು ಪರಿಚಯವಿಲ್ಲದ ಯಾರೋ ಬಿಡುವ ವಿಮಾನದಲ್ಲಿ, ಅಷ್ಟು ಎತ್ತರದಲ್ಲಿ, ರೋಗಿಯನ್ನು ಕೂರಿಸಿಕೊಂಡು ಹೋಗುವುದೇ? ಟಿಕೆಟ್ಟನ್ನು ವಾಪಸ್ಸು ಕಳಿಸಿ, ತಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಹಾಸಿಗೆ ಮಾಡಿ ಅವಳನ್ನು ಮಲಗಿಸಿ ಹೊರಟರು. ಹೊನ್ನಾವರ ದಾಟಿದ ಮೇಲೆ ಒಂದು ತಿರುವಿನಲ್ಲಿ, ಎದುರಿನ ಬಸ್ಸನ್ನು ಹಿಂದೆ ಹಾಕಲು ಹೊರಟ ಲಾರಿ ಇವರ ಮೇಲೆ ಬಂತು. ತಪ್ಪು ಲಾರಿಯದ್ದೇ ಎಂದು ಪೊಲೀಸರೂ ಬರೆದುಕೊಂಡರು. ಇವರಿಗೆ ಹೋದದ್ದು ಎರಡು ಬೆರಳಿನ ಬಲ. ಅವಳು ಅಲ್ಲಿಯೇ ಹೋದಳು.

"ಸ್ಟೇರಿಂಗ್ ನನ್ ಕೈಯಂಗೆ ಇದ್ದಿತ್ ಕಾಣ್ ತಂಗಿ," ಎಂದರು. "ಅದ್ಕೇ ನಂಗೆ ಹೆದ್ರಿಕಿ ಆಯಿಲ್ಲೆ. ಹೆದ್ರಿಕಿ ಆಯಿಲ್ಲೆ ಅಂದ್ರೆ ಅಪಾಯ ಇಲ್ಲೆ ಅಂದ್ಹೇಳಿ ಅಲ್ಲ. ನಂಗದ್ ಗೊತ್ತಾಪ ಹೊತ್ತಿಗೆ ಅವ್ಳಿಲ್ಲೆ."

ಚಾ ತಣ್ಣಗಾಗಿತ್ತು. ಅದನ್ನೇ ಕುಡಿದು ಎದ್ದೆವು.

ಬೈಂದೂರಿನಲ್ಲಿ ಅಣ್ಣ ಅಂಗಡಿಯಿಂದ ಓಡಿ ಬಂದ. ನಾನು ಬಾಯಿ ತೆರೆಯುವ ಮೊದಲೇ ಡ್ರೈವರಣ್ಣ, "ಅಲ್ಲಿ ಜೋರ್ ಮಳೆ ಮಾರಾಯ್ರೇ, ವಿಮಾನ ಹೊರಡ್ಲೇ ಇಲ್ಲೆ," ಎಂದುಬಿಟ್ಟರು. ಜೂನ್ ತಿಂಗಳಾದ್ದರಿಂದ ಅಣ್ಣ ನಂಬಿದ. ಅವರೇ ಎಸ್‌ಟಿಡಿ ಬೂತಿಗೆ ಕರೆದುಕೊಂಡು ಹೋಗಿ, ಮುಂಬಯಿಯ ಏಜೆಂಟನಿಗೆ ನನ್ನಿಂದ ಫೋನ್ ಮಾಡಿಸಿ, ನಾಲ್ಕು ದಿನದ ನಂತರದ ವಿಮಾನಕ್ಕೆ ಬದಲಾಯಿಸಿ ಕೊಡಿಸಿದರು. ಆ ಸುಳ್ಳನ್ನು ಅವರು ಯಾರ ಹತ್ತಿರವೂ ಬಿಟ್ಟುಕೊಡಲಿಲ್ಲ.

ಎರಡನೆಯ ಸಲ ಬೇಗ ಹೊರಡಿಸಿದರು. ನಿಲ್ದಾಣಕ್ಕೆ ಸ್ವಲ್ಪ ಮೊದಲು, ಬೇಲಿಯ ಬದಿಯ ರಸ್ತೆಯಲ್ಲಿ ಕಾರು ನಿಲ್ಲಿಸಿ ನನ್ನನ್ನು ಇಳಿಸಿದರು. ಮುಂಬಯಿಯಿಂದ ಬಂದ ವಿಮಾನ ಮೋಡದಿಂದ ಹೊರಬಿದ್ದು, ತೆಂಗಿನ ತಲೆಗಳ ಮೇಲಿಂದ ಇಳಿದು, ನೆಲ ಮುಟ್ಟಿ, ಓಡಿ ನಿಂತಿತು. "ಐದಾರ್ ವರ್ಷದಿಂದ ಕಾಣ್ತಾ ಇದ್ದೆ. ಬತ್ತೆ ಅಂದ್ ಹೋದವ್ರೆಲ್ಲ ಹಿಂಗೇ ಬಂದೀರ್," ಎಂದರು. ಆ ದಿನ ನಾನು ಒಳಗೆ ಹೋದೆ. ತಿರುಗಿ ನೋಡಿದರೆ ಗಾಜಿನ ಆಚೆ ನಿಂತಿದ್ದರು. ಅವರು ಕೈಬೀಸಲಿಲ್ಲ, ಸುಮ್ಮನೆ ನಿಂತೇ ಇದ್ದರು.

ಮಸ್ಕತ್ತಿನಲ್ಲಿ ಕಳೆದದ್ದು ಹದಿನಾಲ್ಕು ವರ್ಷ. ಮದುವೆಯ ಮಾತು ಒಂದೆರಡು ಸಲ ಬಂದು ಹೋಯಿತು. ಎರಡು ವರ್ಷಕ್ಕೊಮ್ಮೆ ರಜೆಯ ಮೇಲೆ ಬಂದಾಗ ಬಜ್ಪೆಯ ಬಾಗಿಲಲ್ಲಿ ನನಗಾಗಿ ನಿಂತಿರುತ್ತಿದ್ದವರು ಅವರೊಬ್ಬರೇ. ಅಣ್ಣನಿಗೆ ಅಂಗಡಿ, ಮಕ್ಕಳು. ಬರುವ ದಾರಿಯುದ್ದಕ್ಕೂ ನಾವಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಬ್ಬಂಟಿಗರು ಇಬ್ಬರು ಒಟ್ಟಿಗೆ ಕೂತರೆ ಮಾತು ಅಷ್ಟು ಬೇಕಾಗುವುದಿಲ್ಲವೇನೋ... ಹೆದರಿಕೆ ಹೋಯಿತಾ ಎಂದು ಮಾತ್ರ ಪ್ರತಿ ಸಲ ಕೇಳುತ್ತಿದ್ದರು. ಹೋಯಿತು ಎನ್ನುತ್ತಿದ್ದೆ. ನಿಜವಾಗಿಯೂ ಹೋಗಿತ್ತು.

ಎರಡು ಸಾವಿರದ ಏಳರ ರಜೆಯಲ್ಲಿ ಅವರ ಮುಖ ಬೇರೆಯಾಗಿತ್ತು. ಮುಂಬಯಿಯ ಭಾವಮೈದುನ ಅಷ್ಟು ವರ್ಷಗಳ ನಂತರ ಮೊದಲ ಬಾರಿಗೆ ಫೋನ್ ಮಾಡಿದ್ದ. ಮಗಳ ಮದುವೆ, ಬರಲೇಬೇಕು ಎಂದಿದ್ದ. ಅಕ್ಕ ಸತ್ತ ಮೇಲೆ ಆತ ಇವರೊಡನೆ ಮಾತು ಬಿಟ್ಟಿದ್ದ. ರೈಲಿನಲ್ಲಿ ಹೋಗುತ್ತೇನೆಂದರು. ನಾನು ಬಿಡಲಿಲ್ಲ. ನನಗೂ ಮುಂಬಯಿಯಲ್ಲಿ ಒಂದು ಕೆಲಸವಿತ್ತು, ಒಟ್ಟಿಗೆ ವಿಮಾನದಲ್ಲಿ ಹೋಗೋಣವೆಂದೆ. ಅಷ್ಟು ಜನರನ್ನು ಹತ್ತಿಸಿದವರು ಒಮ್ಮೆಯಾದರೂ ಹತ್ತಬೇಡವೇ ಎಂದು ಹಟ ಹಿಡಿದೆ. ಅವರು ನನಗೆ ಕೊಟ್ಟ ಧೈರ್ಯವನ್ನು ಅವರಿಗೇ ತಿರುಗಿ ಕೊಡುತ್ತಿದ್ದೇನೆಂಬ ಹೆಮ್ಮೆ ನನಗೆ. ಟಿಕೆಟ್ಟನ್ನು ನಾನೇ ಮಾಡಿಸಿದೆ. ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, "ಆಯ್ತ್, ಕಾಂಬ," ಎಂದರು.

ಬಿಳಿ ಶರ್ಟು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ಕಿಟಕಿಯ ಬದಿಯ ಸೀಟು ಅವರಿಗೇ ಕೊಟ್ಟೆ. ವಿಮಾನ ಓಡತೊಡಗಿದಾಗ ಎದುರಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಸ್ಟೇರಿಂಗಿನಂತೆ ಹಿಡಿದುಕೊಂಡರು. ಮೇಲೇರಿದ ಮೇಲೆ ಮೆಲ್ಲಗೆ ಕೈ ಸಡಿಲಿಸಿ ಹೊರಗೆ ನೋಡತೊಡಗಿದರು. ಮೋಡಗಳು ಕೆಳಗಿದ್ದವು. ತಿಂಡಿ ಕೊಟ್ಟರೆ ಮುಟ್ಟಲಿಲ್ಲ. ಇಳಿಯುವಾಗ ಮಾತ್ರ ಅವರ ಬಲಗಾಲು ನೆಲವನ್ನು ಒತ್ತುತ್ತಲೇ ಇತ್ತು, ಇಲ್ಲದ ಬ್ರೇಕಿನ ಮೇಲೆ. ಚಕ್ರ ನೆಲ ಮುಟ್ಟಿತು. ನಾನು ಸಂತೋಷದಿಂದ ಅವರ ಕಡೆ ತಿರುಗಿದೆ.

ಅವರು ಕೈಗಡಿಯಾರ ನೋಡುತ್ತಿದ್ದರು.

"ಇಷ್ಟೇಯಾ?" ಎಂದು ಕೇಳಿದರು.

ಹೌದು, ಬಂದುಬಿಟ್ಟೆವು ಎಂದೆ.

"ಇಷ್ಟೇಯಾ ತಂಗಿ? ಇಷ್ಟೇ ಹೊತ್ತಾ?"

ಅವರು ಯಾರ ಪ್ರಯಾಣವನ್ನು ಅಳೆಯುತ್ತಿದ್ದರೆಂದು ಆಗ ನನಗೆ ಅರ್ಥವಾಯಿತು. ಎಲ್ಲರೂ ಎದ್ದು ಚೀಲ ತೆಗೆದುಕೊಂಡು ಸಾಲಿನಲ್ಲಿ ನಿಂತರು, ಇಳಿದುಹೋದರು. ಅವರು ಬೆಲ್ಟನ್ನೂ ಬಿಚ್ಚದೆ ಕುಳಿತೇ ಇದ್ದರು. ಕಣ್ಣೀರು ಬಿಳಿ ಶರ್ಟಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಬೇಕೆಂಬುದೂ ಅವರಿಗೆ ಹೊಳೆದಂತಿರಲಿಲ್ಲ. ಗಗನಸಖಿ ಬಂದು, ಹುಷಾರಿಲ್ಲವೇ ಎಂದು ನನ್ನನ್ನು ಕೇಳಿದಳು.

ಹೊರಗೆ ಭಾವಮೈದುನ ಕಾಯುತ್ತಿದ್ದ. ತಲೆ ಪೂರ್ತಿ ನರೆತಿತ್ತು. ಓಡಿ ಬಂದು ಇವರ ಎರಡೂ ಕೈ ಹಿಡಿದುಕೊಂಡು, "ಹ್ಯಾಂಗಾಯ್ತ್ ಭಾವ, ವಿಮಾನ?" ಎಂದ.

"ಬೇಗ ಬಂತ್," ಎಂದರು ಇವರು. ಹಿಡಿದ ಕೈಯನ್ನು ಇಬ್ಬರೂ ಬಿಡಲಿಲ್ಲ.

ಮದುವೆ ಮುಗಿಸಿ ಅವರು ರೈಲಿನಲ್ಲಿ ಊರಿಗೆ ಮರಳಿದರೆಂದು ಆಮೇಲೆ ತಿಳಿಯಿತು. ಬಜ್ಪೆಯ ಬಾಡಿಗೆಯನ್ನು ಬಿಟ್ಟರು. ಕಾರು ಮಾರಿದರು. ಎರಡು ವರ್ಷದ ನಂತರ ನಾನು ಬಂದಿಳಿದಾಗ ಬಾಗಿಲಲ್ಲಿ ಬೇರೆ ಯಾರೋ ನನ್ನ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದ. ಮರುದಿನವೇ ತಲ್ಲೂರಿಗೆ ಹೋದೆ. ಡ್ರೈವರಣ್ಣ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು, ತುಂಬ ಇಳಿದುಹೋಗಿದ್ದರು. ನಾನು ಒತ್ತಾಯ ಮಾಡಬಾರದಿತ್ತು, ತಪ್ಪಾಯಿತು ಎಂದೆ.

"ನಿನ್ ತಪ್ಪೆಂತದ್?" ಎಂದರು. ಮತ್ತೆ ಅವರೇ ಮುಂದುವರಿಸಿದರು. "ಅಷ್ಟ್ ವರ್ಷ ನಾನ್ ನಂಗೇ ಒಂದ್ ಮಾತ್ ಹೇಳ್ಕಂತಿದ್ದೆ. ಅವ್ಳ್ ಹಾರ್ಟಿನ್ ರೋಗಿ, ವಿಮಾನ ಹತ್ತಿದ್ರೂ ಆ ಹೆದ್ರಿಕಿಯಂಗೇ ಜೀವ ಹೋತಿತ್ ಅಂದ್ಹೇಳಿ. ಈಗ ಹಾಂಗ್ ಹೇಳುಕ್ ಆತಿಲ್ಲೆ. ಅಲ್ಲಿ ಹೆದ್ರುಕೆ ಎಂತದೂ ಇಲ್ಲೆ. ಅವ್ಳ್ ಮೋಡ ಕಂಡ್ಕಂಡ್ ನಗ್ಯಾಡ್ತಾ ಹೋತಿದ್ಲ್."

ಹೊರಡುವಾಗ ಗೇಟಿನವರೆಗೆ ಬಂದು ನಿಂತರು. ಅವರನ್ನು ನೋಡಿದ್ದು ಅದೇ ಕೊನೆ.

ಕೆಲವು ತಿಂಗಳ ನಂತರ ಮಸ್ಕತ್ತಿಗೆ ಅಣ್ಣನ ಫೋನ್ ಬಂತು. ಮನೆಗೆ ಬಣ್ಣ ಹೊಡೆಸುವ ವಿಷಯ, ಮಗನ ಶಾಲೆಯ ವಿಷಯ ಎಲ್ಲ ಹೇಳಿ ಕೊನೆಗೆ, "ಹಾಂ, ಆ ಡ್ರೈವರಣ್ಣ ತೀರ್ಕಂಡ್ರ್ ಅಂಬ್ರ್, ಹೋದ್ ವಾರ. ಜಗಲಿಯಂಗೆ ಕೂಕಂಡಲ್ಲೇ," ಎಂದ. ನಾನು ಡ್ಯೂಟಿಯಲ್ಲಿದ್ದೆ. ವಾರ್ಡಿನ ಹೊರಗಿನ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಜೊತೆಯ ನರ್ಸ್ ಬಂದು, ಯಾರು ಹೋದರು, ಮನೆಯವರಾ ಎಂದು ವಿಚಾರಿಸಿದಳು. ಏನೆಂದು ಹೇಳಲಿ? ಅಪ್ಪನಲ್ಲ, ಅಣ್ಣನಲ್ಲ, ಸಂಬಂಧಿಕರಲ್ಲ. ಊರಿನ ಒಬ್ಬ ಡ್ರೈವರ್ ಎಂದೆ. ಅವಳು, ಹೌದಾ ಎಂದು ಒಳಗೆ ಹೋದಳು.

ಈಗ ಊರಿಗೆ ಮರಳಿ ಬ್ರಹ್ಮಾವರದ ಒಂದು ಫ್ಲಾಟಿನಲ್ಲಿದ್ದೇನೆ. ಕಾರು ಕಲಿತಿದ್ದೇನೆ, ನಾನೇ ಓಡಿಸುತ್ತೇನೆ. ಹೊಸ ಕವರಿನ ಸೀಟಿನಲ್ಲಿ ಕುಳಿತು ಮೊನ್ನೆ ಭಾನುವಾರ ತಲ್ಲೂರಿಗೆ ಹೋಗಿ ಬಂದೆ. ಅವರ ಮನೆಯನ್ನು ಯಾರೋ ಕೊಂಡಿದ್ದಾರೆ. ಜಗಲಿಗೆ ಕಬ್ಬಿಣದ ಗ್ರಿಲ್ ಬಂದಿದೆ. ಒಳಗಿನಿಂದ ಹೆಂಗಸೊಬ್ಬರು ಬಂದು, ಯಾರು ಬೇಕಿತ್ತು ಎಂದು ಕೇಳಿದರು. ಯಾರೂ ಇಲ್ಲ, ದಾರಿ ತಪ್ಪಿತು ಎಂದೆ.

ಮೂವತ್ತಕ್ಕೂ ಹೆಚ್ಚು ಸಲ ವಿಮಾನ ಹತ್ತಿ ಇಳಿದಿರಬೇಕು. ಆ ಒಂದು ಪ್ರಯಾಣದ ಹೊರತು ಯಾವುದೂ ನನಗೆ ನೆನಪಿಲ್ಲ. ಹದಿನಾಲ್ಕು ವರ್ಷ ಅವರನ್ನು ಬದುಕಿಸಿಟ್ಟಿದ್ದ ಒಂದು ಸಮಾಧಾನವನ್ನು, ಉಪಕಾರ ಮಾಡುತ್ತಿದ್ದೇನೆಂದುಕೊಂಡು, ಒಂದೂಕಾಲು ಗಂಟೆಯಲ್ಲಿ ನಾನು ಕಿತ್ತುಕೊಂಡೆ. ಅವರು ನನ್ನ ತಪ್ಪಲ್ಲ ಎಂದರು. ಅದನ್ನು ನಂಬಿಯೇ ಹೇಳಿದರೋ, ಅಂದು ಅಣ್ಣನ ಎದುರು ಮಳೆಯ ಮಾತು ಹೇಳಿದಂತೆ ನನ್ನನ್ನು ಕಾಪಾಡಲು ಹೇಳಿದರೋ... ಕೇಳಬಹುದಾಗಿದ್ದ ಒಬ್ಬರೇ ಒಬ್ಬರು ಈಗಿಲ್ಲ.