ಎಣಿಕೆ ಯಂತ್ರ ಹಿಡಿದ ವಾರ

ಸೊಕ್ಕೆಯಿಂದ ಜಗಳೂರಿಗೆ ಹೋಗುತ್ತಿದ್ದ ಬೆಳಗಿನ ಬಸ್ಸು ನಿಂತದ್ದು ನನ್ನಿಂದ. ಊರವರು ಬಸ್ಸಿನ ಸಾಹುಕಾರರನ್ನು ಬೈದರು. ನಾನೂ ಅವರ ಜೊತೆ ನಿಂತು ಬೈದೆ.

ಎಪ್ಪತ್ತರ ದಶಕದ ಕೊನೆ. ಕಂಡಕ್ಟರನ ಟಿಕೆಟ್ ಲೆಕ್ಕದ ಮೇಲೆ ಸಾಹುಕಾರರಿಗೆ ನಂಬಿಕೆ ಇರಲಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನ ಕೈಗೆ, ಬಸ್ಸು ಹತ್ತುವವರನ್ನು ಎಣಿಸಲೆಂದು, ಒಂದು ಎಣಿಕೆ ಯಂತ್ರ ಕೊಟ್ಟರು. ಯಾವುದೋ ಕಚೇರಿಯಲ್ಲಿ ತೂತಿನ ಕಾರ್ಡುಗಳನ್ನು ಎಣಿಸುತ್ತಿದ್ದ ದೊಡ್ಡ ಯಂತ್ರ ಗುಜರಿಗೆ ಬಿದ್ದಾಗ ಅದರಿಂದ ಕಿತ್ತು ತಂದದ್ದಂತೆ. ಹಿಡಿ ಒತ್ತಿದರೆ ಟಕ್ ಎಂದು ಅಂಕಿಯ ಗಾಲಿ ಒಂದು ಹಲ್ಲು ತಿರುಗುತ್ತಿತ್ತು. ಒಂಬತ್ತು ದಾಟಿದರೆ ಪಕ್ಕದ ಗಾಲಿಯನ್ನೂ ತಳ್ಳುತ್ತಿತ್ತು. ನಾನು ಮೋಸ ಮಾಡಬಾರದೆಂದು ಅಂಕಿ ಕಾಣುವ ಕಿಂಡಿಗೆ ಅರಗು ಹಾಕಿ ಮುಚ್ಚಿದ್ದರು.

"ಒಂದು ವಾರ ನೋಡ್ತೀನಿ. ಹತ್ತೋರು ಮುನ್ನೂರು ಆಗ್ಲಿಲ್ಲ ಅಂದ್ರೆ ಬಸ್ ಬಂದ್," ಎಂದರು.

ತಂಗಿ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಕಾಲು ಬಾತಿದ್ದವು. ವಾರಕ್ಕೊಮ್ಮೆ ಜಗಳೂರಿನ ಆಸ್ಪತ್ರೆಗೆ ಬರಲೇಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಇದ್ದದ್ದು ಅದೊಂದೇ ಬಸ್ಸು.

ಅವ್ವ ಯಂತ್ರ ನೋಡಿದವಳೇ, "ಬಸುರಿ ಹೆಂಗಸರನ್ನ ಎಣಿಸಬಾರ್ದಪ್ಪ, ದೃಷ್ಟಿ ಆಗ್ತೈತೆ," ಎಂದಳು. ನಾನು ನಕ್ಕೆ. ಆದರೆ ಆಸ್ಪತ್ರೆಯ ದಿನ ತಂಗಿ ಕಂಬಿ ಹಿಡಿದು ಏದುಸಿರು ಬಿಡುತ್ತ ಹತ್ತುವಾಗ ಹೆಬ್ಬೆರಳು ಒತ್ತಲೇ ಇಲ್ಲ. ಅವಳನ್ನು ಎಣಿಸದೆ ಬಿಟ್ಟ ಮೇಲೆ ಹಿಂದೆ ಬಂದ ಐವರು ಬಸುರಿಯರಿಗೆ ಹೇಗೆ ಒತ್ತಲಿ? ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ವಾರ ಮುಗಿದು ಜಗಳೂರಿನಲ್ಲಿ ಸಾಹುಕಾರರು ಅರಗು ಒಡೆದರು. ಇನ್ನೂರ ತೊಂಬತ್ತನಾಲ್ಕು.

"ಆರು ಜನ ಬಸುರಿಯರನ್ನ ನಾನೇ ಬಿಟ್ಟೀನ್ರೀ," ಎಂದು ಯಂತ್ರ ಕಸಿದು ಅವರೆದುರೇ ಆರು ಸಲ ಒತ್ತಿದೆ. ಗಾಲಿಗಳು ಒಂದನ್ನೊಂದು ತಳ್ಳಿ ಮುನ್ನೂರಕ್ಕೆ ನಿಂತವು.

"ಹಿಂಗೆ ಒತ್ತಾಕೆ ನಂಗೂ ಬರ್ತೈತೆ," ಎಂದು ಅವರು ಪಕ್ಕದ ಕೀಲಿ ತಿರುಗಿಸಿದರು. ಎಲ್ಲ ಸೊನ್ನೆ. ಕಾಲು ಹಿಡಿದೆ. ನಾಚಿಕೆ ಎನಿಸಲಿಲ್ಲ, ಭಯವಾಗಿತ್ತು. ಅವರು ಕಾಲು ಹಿಂದೆ ಎಳೆದುಕೊಂಡು, "ನಾಳೆಯಿಂದ ಬಸ್ ಬಂದ್," ಎಂದರು.

ಮನೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಮರುದಿನವೇ ಆಸ್ಪತ್ರೆಯ ದಿನ. ತಂಗಿ ತಲೆ ಬಾಚಿಕೊಂಡು, ಚೀಲ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು.

"ಅಣ್ಣಾ, ಬಸ್ಸಿನ ಹೊತ್ತಾತಲ್ಲ?"

"ಬರ್ತೈತೆ, ಕೂತ್ಕೋ," ಎಂದು ಎತ್ತಿನ ಗಾಡಿ ಹುಡುಕಲು ಓಡಿದೆ. ಗಾಡಿ ಸಿಗುವಷ್ಟರಲ್ಲಿ ಅವಳಿಗೆ ಫಿಟ್ಸ್ ಬಂದಿತ್ತು. ದಾರಿಯುದ್ದಕ್ಕೂ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಸಿರನ್ನು ಎಣಿಸುತ್ತ ಕೂತೆ.

ಹತ್ತು ದಿನದ ಮೇಲೆ ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಅವಳೊಬ್ಬಳನ್ನೇ.