ಮೂರು ದಿನದ ಮಾತ್ರೆ

ಪಾಲಿಬೆಟ್ಟದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಹಾಜರಿ ಬರೆಯುವುದು, ಕೆಲಸ ಹಂಚುವುದು, ಜೊತೆಗೆ ಮದ್ದಿನ ಪೆಟ್ಟಿಗೆಯ ಬೀಗದ ಕೈಯೂ ನನ್ನ ಹತ್ತಿರವೇ. ಬೆಳಿಗ್ಗೆ ಹಾಜರಿ ಮುಗಿದ ಮೇಲೆ ಲೈನುಮನೆಗಳಲ್ಲಿರುವ ಕೂಲಿಯವರು ಬಂದು ಜ್ವರ, ಕೀವು, ಹಲ್ಲುನೋವು ಅನ್ನುತ್ತಿದ್ದರು. ನಾನು ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಸಿ ಮೂರು ದಿನಕ್ಕಾಗುವಷ್ಟು ಕೊಡುತ್ತಿದ್ದೆ. ಮೂರೇ ದಿನ ಏಕೆ ಎಂದು ಯಾರೂ ಕೇಳಲಿಲ್ಲ. ನನಗಿಂತ ಮುಂಚಿನ ರೈಟರ್ ಹಾಗೆ ಕೊಡುತ್ತಿದ್ದರು, ನಾನೂ ಕೊಟ್ಟೆ. ನೋವು ಇಳಿದರೆ ಕಾಫಿ ಹಣ್ಣು ಕೊಯ್ಯಲು ಪಿಕ್ಕಿಂಗಿಗೆ ಹೋಗುತ್ತಾರೆ, ಅಲ್ಲಿಗೆ ಕಾಯಿಲೆ ಮುಗಿಯಿತು. ‘ಡಾಕ್ಟ್ರು ರೈಟ್ರು’ ಎಂದು ಅವರು ತಮಾಷೆ ಮಾಡಿದರೆ ಒಳಗೊಳಗೇ ಹಿಗ್ಗುತ್ತಿದ್ದೆ ಬೇರೆ.

ನನಗೆ ಕೋಪ ಮೂಗಿನ ತುದಿಯಲ್ಲೇ. ಹಾಜರಿಗೆ ಐದು ನಿಮಿಷ ತಡವಾದರೂ ಕೂಗಾಡುವವನ ಕ್ವಾರ್ಟರ್ಸಿಗೆ ಯಾರು ತಾನೇ ಬರುತ್ತಾರೆ? ಮದುವೆಯಾಗಲಿಲ್ಲ. ಸೋಮವಾರಪೇಟೆ ಕಡೆಯ ನಂಟರು ಫೋನಿನಲ್ಲಿ ‘ಚೆನ್ನಾಗಿದ್ದೀಯಾ’ ಅಂದು, ನಾನು ಹ್ಞೂಂ ಅನ್ನುವಷ್ಟರಲ್ಲಿ ಇಟ್ಟುಬಿಡುತ್ತಾರೆ. ಬರುತ್ತಿದ್ದದ್ದು ಒಂದು ಕಂದು ನಾಯಿ ಮಾತ್ರ. ಹೆಸರಿಟ್ಟಿರಲಿಲ್ಲ, ‘ಏಯ್’ ಅಂದರೆ ಬರುತ್ತಿತ್ತು. ನಾನು ಊಟಕ್ಕೆ ಕೂತರೆ ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು. ಇಡೀ ದಿನದಲ್ಲಿ ನನ್ನನ್ನು ಮುಟ್ಟುತ್ತಿದ್ದ ಜೀವ ಅದೊಂದೇ.

ಒಂದು ದಿನ ಕಾಡುಹಂದಿ ಅದರ ಹಿಂಗಾಲಿನ ತೊಡೆ ಸೀಳಿತು. ಎರಡೇ ದಿನಕ್ಕೆ ಕೀವು ತುಂಬಿ ನಾರತೊಡಗಿತು. ವಿರಾಜಪೇಟೆಯ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಆದರೆ ನಾನೇ ಡಾಕ್ಟ್ರಲ್ಲವೇ! ಜನರಿಗೆ ಕೊಡುವ ಆಂಟಿಬಯಾಟಿಕ್ಕನ್ನೇ ತಂದೆ. ರೊಟ್ಟಿಯೊಳಗೆ ಮುಚ್ಚಿಟ್ಟರೆ ರೊಟ್ಟಿ ತಿಂದು ಮಾತ್ರೆ ಉಗುಳಿತು. ಕೊನೆಗೆ ಬಾಯಿ ಅಗಲಿಸಿ, ಗಂಟಲಿಗೆ ತಳ್ಳಿ, ಮೂತಿ ಅದುಮಿ ಹಿಡಿದು ನುಂಗಿಸಿದೆ. ಮೂರನೆಯ ದಿನಕ್ಕೆ ಗಾಯವೇನೋ ಒಣಗಿತು. ಆದರೆ ನಾಯಿ ನನ್ನನ್ನು ಕಂಡರೆ ಬಾಲ ಮುದುರಿಕೊಂಡು ಕಾಫಿ ಗಿಡಗಳ ಸಂದಿಗೆ ನುಗ್ಗತೊಡಗಿತ್ತು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಮೂರು ದಿನ ಆಯಿತಲ್ಲ ಎಂದು ನಿಲ್ಲಿಸಿಬಿಟ್ಟೆ. ಎರಡು ದಿನ ಕಳೆದು ಮತ್ತೆ ಬಂದು ಕಾಲ ಬಳಿ ಮಲಗಿತು. ಅಬ್ಬಾ, ಎಷ್ಟು ಖುಷಿಯಾಯಿತೆಂದರೆ ಮಾರನೆಯ ಬೆಳಿಗ್ಗೆ ಯಾರನ್ನೂ ಬೈಯಲಿಲ್ಲ.

ವಾರ ಕಳೆಯುವಷ್ಟರಲ್ಲಿ ತೊಡೆ ಬಾತು, ನಾಯಿ ಎದ್ದು ನಿಲ್ಲದಾಯಿತು. ಎಸ್ಟೇಟಿನ ಜೀಪಿನಲ್ಲಿ ಹಾಕಿಕೊಂಡು ಪಶುವೈದ್ಯರ ಹತ್ತಿರ ಓಡಿದೆ. ಕೊಟ್ಟ ಮಾತ್ರೆಯ ಸ್ಟ್ರಿಪ್ಪನ್ನು ತೋರಿಸಿದೆ.

“ಎಷ್ಟು ದಿನ ಕೊಟ್ರಿ?” ಅಂದರು.

“ಮೂರು.”

“ಮೂರು ಅಂತ ಯಾರು ಹೇಳಿದ್ದು?”

“ಎಸ್ಟೇಟಲ್ಲಿ ಎಲ್ರಿಗೂ ಅಷ್ಟೇ ಕೊಡೋದು,” ಅಂದೆ.

“ಮದ್ದು ಮನುಷ್ಯರದ್ದೇ ಇರ್ಬಹುದು ಕಣ್ರೀ, ಅಳತೆ ನಾಯಿದು ಬೇಕಲ್ಲ? ತೂಕ ನೋಡಿಲ್ಲ, ಅರ್ಧಕ್ಕೇ ನಿಲ್ಸಿದ್ದೀರಿ. ಮೇಲೆ ಒಣಗಿದೆ, ಒಳಗೆ ಕೀವು ಹಾಗೇ ಕೂತಿದೆ. ಇನ್ನು ಹದಿನಾಲ್ಕು ದಿನ, ಒಂದು ಹೊತ್ತೂ ತಪ್ಪಬಾರ್ದು. ತಪ್ಪಿದ್ರೆ ಉಳಿಯಲ್ಲ.”

ನಾಯಿಯೊಂದೇ ಅಲ್ಲ, ಇಷ್ಟು ವರ್ಷ ಎಷ್ಟು ಜನರಿಗೆ ಹಾಗೆ ಕತ್ತರಿಸಿ ಕೊಟ್ಟಿದ್ದೆನೋ!

ಅವರು ಕೀವು ತೆಗೆದು, ಬೇರೆ ಮಾತ್ರೆ ಬರೆದು ಕಳಿಸಿದರು. ನಾಲ್ಕನೆಯ ದಿನ ನಾಯಿ ಎದ್ದಿತು. ಎದ್ದದ್ದೇ ಕುಂಟುತ್ತಾ ಹೋಗಿ ಲೈನಿನ ಕೊನೆಯ ಮನೆ ಸೇರಿತು. ಅಲ್ಲಿ ಪಿಕ್ಕಿಂಗಿಗೆ ಬರುವ ಒಬ್ಬ ತಮಿಳು ಹೆಂಗಸಿದ್ದಾಳೆ. ಬೆಳಿಗ್ಗೆ, ಸಂಜೆ ನಾನು ಅವಳ ಜಗುಲಿಗೆ ಹೋಗಿ, ಅವಳ ಕಾಲ ಹಿಂದಿನಿಂದ ನಾಯಿಯನ್ನು ಎಳೆದು ಮಾತ್ರೆ ನುಂಗಿಸಬೇಕಾಯಿತು. ಅದು ನನಗೆ ಹಲ್ಲು ತೋರಿಸಿ ಗುರುಗುಟ್ಟುತ್ತಿತ್ತು.

ಒಂದು ಸಂಜೆ ಅವಳಿಗೇ ಕನಿಕರ ಬಂತು. “ಕೊಡಿ ರೈಟ್ರೇ, ನಾನೇ ಹಾಕ್ತೇನೆ. ನಿಮ್ಗೆ ಯಾಕೆ ಈ ಕಷ್ಟ?”

ಕೊಟ್ಟುಬಿಡೋಣ ಅನ್ನಿಸಿತು. ಸುಳ್ಳೇಕೆ, ತುಂಬಾ ಅನ್ನಿಸಿತು.

“ಬೇಡ,” ಅಂದೆ. “ನಿನ್ನ ಕಂಡ್ರೂ ಓಡೋ ಹಾಗಾದ್ರೆ ಅದು ಇನ್ನೆಲ್ಲಿಗೆ ಹೋಗುತ್ತೆ?”

ಹದಿನಾಲ್ಕು ದಿನವೂ ನಾನೇ ಹಾಕಿದೆ. ಕಾಲು ವಾಸಿಯಾಯಿತು. ಈಗ ಅದು ಅವಳ ಮನೆಯ ನಾಯಿ. ಅವಳ ಹಿಂದೆಯೇ ಕೆಲಸಕ್ಕೆ ಬರುತ್ತದೆ, ನಾನು ಹತ್ತಿರ ಹೋದರೆ ಎದ್ದು ಆಚೆ ಬದಿಗೆ ಹೋಗಿ ಕೂರುತ್ತದೆ. “ಮರ್ತು ಬರ್ತದೆ ರೈಟ್ರೇ,” ಅನ್ನುತ್ತಾಳೆ ಅವಳು. ಬರುವುದಿಲ್ಲವೆಂದು ನನಗೆ ಗೊತ್ತು. ಬದುಕಿದೆಯಲ್ಲ, ಅಷ್ಟು ಸಾಕು ಎಂದು ದಿನಾ ಹೇಳಿಕೊಳ್ಳುತ್ತೇನೆ. ಸಾಕಾಗುವುದಿಲ್ಲ.